ಎಡಕ್ಕೆ ವಾಲುವ ಮನೆ

ಎಡಗಡೆ ನಾಲ್ಕು ಬೆರಳು, ಬಲಗಡೆ ಐದು. ಹಿಂದಿನ ಚಕ್ರದ ನೆತ್ತಿಗೂ ಅದರ ಮೇಲಿನ ತಗಡಿನ ಅಂಚಿಗೂ ನಡುವೆ ಇದ್ದ ಜಾಗದ ಅಳತೆ ಅದು. ಮೊದಲು ನಾನು ಸ್ಕೇಲು ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಂಡಿದ್ದೆ. ಅಪ್ಪ ಬಂದು ಬೆರಳು ತೂರಿಸಿ ಅದೇ ಉತ್ತರವನ್ನು ಕ್ಷಣದಲ್ಲಿ ಹೇಳಿದ ಮೇಲೆ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡೆ. ಒಂದು ಬೆರಳಿನ ವ್ಯತ್ಯಾಸ ಏನು ಮಹಾ ಎಂದು ನೀವು ಕೇಳಬಹುದು. ನಿಂತ ಮನೆಗೆ ಅದು ಏನೂ ಅಲ್ಲ. ನನ್ನದು ಓಡುವ ಮನೆ.

ಊರೂರಿನ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ತಿಂಗಳಿಗೆ ಹತ್ತು ಹನ್ನೆರಡು ದಿನ ಉಳಿಯಬೇಕು. ಅಲ್ಲಿ ಲಾಡ್ಜು ಇರುವುದಿಲ್ಲ, ಜನ ಇರುತ್ತಾರೆ. ಊಟ ಹಾಕುತ್ತಾರೆ, ಚಾಪೆ ಕೊಡುತ್ತಾರೆ, ದಿಂಬಿಗೆ ಹೊಸ ಚೀಲ ತೊಡಿಸುತ್ತಾರೆ, ಆಮೇಲೆ ಎದುರಿಗೆ ಕುಳಿತು ಮದುವೆ ಯಾಕಾಗಿಲ್ಲ ಎಂದು ವಿಚಾರಿಸುತ್ತಾರೆ. ಬೋರ್‌ವೆಲ್ಲಿನ ಆಳ ಅಳೆಯಲು ಹೋದವಳ ಆಳವನ್ನು ಅವರು ಅಳೆಯುತ್ತಿದ್ದರು. ಅವರ ಸಲಕರಣೆ ನನ್ನದಕ್ಕಿಂತ ಚೆನ್ನಾಗಿತ್ತು. ಮೂರು ವರ್ಷ ಹೀಗೆ ಕಳೆದ ಮೇಲೆ ನನಗೆ ಒಂದು ಆಸೆ ಹುಟ್ಟಿತು: ಹೋದಲ್ಲೆಲ್ಲ ಜೊತೆಗೆ ಬರುವ ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ. ಉಳಿದ ಮನೆಯೆಲ್ಲ ಆ ಚಿಲಕ ಕೂರಿಸುವುದಕ್ಕೋಸ್ಕರ ಬೇಕಾಯಿತು.

ಗಾಡಿಯ ಮೇಲೆ ಮನೆ ಕಟ್ಟುವವರು ಮೊದಲು ಚಾಸಿ ಆರಿಸಬೇಕು. ಚಾಸಿ ಎಂದರೆ ಚಕ್ರಗಳ ಮೇಲೆ ಕೂತ ಉಕ್ಕಿನ ಚೌಕಟ್ಟು, ನಮ್ಮ ಭಾಷೆಯಲ್ಲಿ ತಳಪಾಯ. ನಾನು ಹದಿನಾಲ್ಕು ಕಾಲಮ್ಮುಗಳ ಒಂದು ಕೋಷ್ಟಕ ಮಾಡಿಕೊಂಡು ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಬಾಷಾ ಮೇಸ್ತ್ರಿಯ ಬಳಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಕೋಷ್ಟಕವನ್ನು ಪೂರ್ತಿ ನೋಡಿ, "ಏನ್ ಮೇಡಮ್ಮೋರೆ, ಗಾಡಿಗೆ ಜಾತಕ ಬರೆಸ್ಕಂಡು ಬಂದೀರಲ್ಲ" ಎಂದರು. ನನ್ನ ಮುಂದೆ ಮೂರು ಸಂಬಂಧಗಳಿದ್ದವು. ಶಾಲೆಯೊಂದು ಮಾರುತ್ತಿದ್ದ ಹಳೆಯ ಮಿನಿ ಬಸ್ಸು: ಒಳಗೆ ಜಾಗ ಬಹಳ, ಆದರೆ ಹಿಂದಿನ ಚಕ್ರ ದಾಟಿದ ಮೇಲೂ ಅದರ ದೇಹ ಮುಗಿಯುತ್ತಿರಲಿಲ್ಲ. ಕಾರ್ಖಾನೆಯಿಂದಲೇ ಮುಚ್ಚಿ ಬಂದ ವ್ಯಾನು: ತಗ್ಗಾಗಿ ನೆಲ ಹಿಡಿದು ಓಡುತ್ತದೆ, ಆದರೆ ಅದರೊಳಗೆ ನಾನು ಯಾವಾಗಲೂ ಯಾರಿಗೋ ನಮಸ್ಕಾರ ಮಾಡುತ್ತಿರುವಂತೆ ಬಗ್ಗಿ ನಡೆಯಬೇಕು. ಮೂರನೆಯದು ಸಾಮಾನು ಸಾಗಿಸುವ ಚಿಕ್ಕ ಲಾರಿಯ ಬರೀ ಚಾಸಿ, ಮುಂದೆ ಡ್ರೈವರ್ ಕ್ಯಾಬಿನ್ನು ಮಾತ್ರ ಇದ್ದದ್ದು. ಮೇಸ್ತ್ರಿಯ ಶಾಸ್ತ್ರ ಸರಳವಾಗಿತ್ತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಷ್ಟು ದೂರವೋ ಅಷ್ಟು ನೆಮ್ಮದಿ, ಹಿಂದಿನ ಚಕ್ರ ದಾಟಿ ಎಷ್ಟು ಬಾಲ ಬಿಡುತ್ತೀರೋ ಅಷ್ಟು ತಾಪತ್ರಯ. ನನ್ನ ಕೋಷ್ಟಕವೂ ಹದಿನಾಲ್ಕು ಕಾಲಮ್ಮು ಸುತ್ತಿ ಇದನ್ನೇ ಹೇಳುತ್ತಿತ್ತು. ಮೂರನೆಯದನ್ನು ಒಪ್ಪಿಕೊಂಡೆ.

ಮನೆ ಎದ್ದಿತು. ಬಲಗಡೆ ನೀರಿನ ಟ್ಯಾಂಕು, ಎಡಗಡೆ ಅದಕ್ಕೆ ಸರಿಸಮವಾಗಿ ಅಡುಗೆ ಕಟ್ಟೆ ಮತ್ತು ಗ್ಯಾಸು, ಹಿಂದುಗಡೆ ಮಂಚ. ಒಳಗೆ ಹೋದ ಪ್ರತಿಯೊಂದು ವಸ್ತುವನ್ನೂ ನಾನು ತೂಗಿ ಪಟ್ಟಿಯಲ್ಲಿ ಬರೆದೆ. ಚಮಚಗಳನ್ನೂ ಬಿಡಲಿಲ್ಲ. ಎಡದ ಮೊತ್ತ, ಬಲದ ಮೊತ್ತ ಎರಡರ ನಡುವೆ ಇದ್ದ ವ್ಯತ್ಯಾಸ ಒಂದೂವರೆ ಕೆ.ಜಿ. ಮೇಸ್ತ್ರಿಗೆ ತೋರಿಸಿದೆ. ಅವರು ತಮ್ಮ ಕೆಲಸಗಾರರನ್ನೆಲ್ಲ ಕರೆದು ತೋರಿಸಿದರು. ಅದು ಮೆಚ್ಚುಗೆ ಎಂದುಕೊಂಡೆ.

ಅಪ್ಪ ಅಡ್ಡಿ ಮಾಡಲಿಲ್ಲ, ಒಂದು ಷರತ್ತು ಇಟ್ಟರು. ಅಮ್ಮನನ್ನು ಹಿರಿಯೂರಿನಿಂದ ಮತ್ತೋಡಿನ ದೊಡ್ಡಪ್ಪನ ಮನೆಯವರೆಗೆ ಕರೆದುಕೊಂಡು ಹೋಗಿ ಬರಬೇಕು. ಅವಳ ಕೈಯಲ್ಲಿರುವ ಲೋಟದ ಮಜ್ಜಿಗೆ ಚೆಲ್ಲದಿದ್ದರೆ ಗಾಡಿ ನನ್ನದು. ಚೆಲ್ಲಿದರೆ ಅದು ಚಿಕ್ಕಪ್ಪನ ಮಗ ರುದ್ರೇಶನಿಗೆ, ತೆಂಗಿನಕಾಯಿ ಸಾಗಿಸಲು. ರುದ್ರೇಶ ಆಗಲೇ ಬಂದು ನನ್ನ ಮಂಚದ ಮೇಲೆ ನಿಂತು, ಅಡುಗೆ ಕಟ್ಟೆ ಕಿತ್ತರೆ ಎಷ್ಟು ಕಾಯಿ ಹಿಡಿಯುತ್ತದೆ ಎಂದು ಕಣ್ಣಳತೆ ಮಾಡಿ ಹೋಗಿದ್ದ. ಕೈಯಲ್ಲಿ ಲೋಟ ಹಿಡಿದರೆ ಕೈಯೇ ಓಲಾಟವನ್ನು ಸರಿದೂಗಿಸುತ್ತದೆ, ಪರೀಕ್ಷೆ ಶುದ್ಧವಾಗುವುದಿಲ್ಲ, ಆದ್ದರಿಂದ ಲೋಟವನ್ನು ಅಡುಗೆ ಕಟ್ಟೆಯ ಮೇಲೆ ಇಡಬೇಕು ಎಂದು ತಿದ್ದುಪಡಿ ತಂದವಳು ನಾನೇ. ಯಾರೂ ಕೇಳಿರಲಿಲ್ಲ.

ಪರೀಕ್ಷೆಗೆ ಮುಂಚೆ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದೆ. ಬಸ್ಸೊಂದು ಪಕ್ಕದಲ್ಲಿ ದಾಟಿ ಹೋದಾಗ ನನ್ನ ಮನೆ ಅದರ ಹಿಂದೆಯೇ ಹೊರಟು ನಿಂತ ಹಾಗೆ ತೂಗಾಡಿತು. ಸ್ಟೇರಿಂಗು ಕೈಯಲ್ಲಿ ಹಗುರವಾಗಿ, ಎಲ್ಲೋ ನೋಡುತ್ತ ಹೂಂಗುಟ್ಟುವವರ ಹಾಗೆ ತಿರುಗುತ್ತಿತ್ತು. ಇಳಿದು ನೋಡಿದರೆ ಆ ಒಂದು ಬೆರಳಿನ ವಾಲಿಕೆ. ಮೇಸ್ತ್ರಿ ಮೊದಲು ಟೈರುಗಳ ಗಾಳಿ ಹೆಚ್ಚು ಕಮ್ಮಿ ಮಾಡಿದರು. ಆಮೇಲೆ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿರುವ ಉಕ್ಕಿನ ಪಟ್ಟಿಗಳಿಗೆ ಎಡಗಡೆ ಒಂದು ಪಟ್ಟಿ ಸೇರಿಸಿದರು. ಗಾಡಿ ಗಟ್ಟಿಯಾಯಿತು, ಎಷ್ಟೆಂದರೆ ರಸ್ತೆಯಲ್ಲಿ ಬಿದ್ದಿದ್ದ ಹುಣಸೆಬೀಜವೂ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅದನ್ನು ತೆಗೆಸಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಚಿತ್ರದುರ್ಗದಿಂದ ಓಲಾಟ ತಡೆಯುವ ಒಂದು ಅಡ್ಡ ಸರಳನ್ನು ತರಿಸಿದೆ. ತೂಗಾಟ ಅರ್ಧ ಇಳಿಯಿತು. ವಾಲಿಕೆ ಮಾತ್ರ ಹಾಗೇ ಇತ್ತು. ಮೇಸ್ತ್ರಿ ಕೊನೆಗೆ ನೆಲದ ಮೇಲೆ ಕುಳಿತು, ತೂಕದ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಎಂದು ಕೇಳಿದರು. ನನಗೆ ಬೇಸರವಾಯಿತು. ಅನುಮಾನಿಸುವುದಿದ್ದರೆ ಉಕ್ಕನ್ನು ಅನುಮಾನಿಸಿ ಎಂದೆ.

ಹಾಗಾಗಿ ವಾಲಿಕೊಂಡೇ ಪರೀಕ್ಷೆಗೆ ಹೊರಟೆವು. ಅಮ್ಮ ಮುಂದೆ ಕುಳಿತಳು, ಮಜ್ಜಿಗೆ ಹಿಂದೆ ಕುಳಿತಿತು. ದಾರಿಯುದ್ದಕ್ಕೂ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮತ್ತೋಡು ತಲುಪಿ ದೊಡ್ಡಪ್ಪನ ಕುರಿಹಟ್ಟಿಯ ಮುಂದೆ ನಿಲ್ಲಿಸಿ ನೋಡಿದರೆ ಲೋಟದಲ್ಲಿ ಅರ್ಧ ಉಳಿದಿತ್ತು. ಉಳಿದರ್ಧ ಕಟ್ಟೆಯ ಎಡಗಡೆ ಹರಿದು, ಅಳತೆ ಮಾಡಿದ ಹಾಗೆ ಸಾಲಾಗಿ ತೊಟ್ಟಿಕ್ಕುತ್ತಿತ್ತು. ಬರುವ ದಾರಿ ಇನ್ನೂ ಇದೆಯಲ್ಲ ಎಂದು ಅಮ್ಮ ಸಮಾಧಾನ ಹೇಳಿದಳು. ಮಜ್ಜಿಗೆಗೆ ನೀರು ಬೆರೆಸಿ ಲೋಟ ತುಂಬಿಸಿದರೆ ಅಪ್ಪನಿಗೆ ಗೊತ್ತಾಗುವುದಿಲ್ಲ ಎಂದೂ ಹೇಳಿದಳು. ನಾನು ಒಪ್ಪಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ಎರಡು ಮಾತು ಆಡಿದೆ ಎಂದು ನೆನಪು.

ದೊಡ್ಡಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಗಾಡಿಯನ್ನು ಒಂದು ಸುತ್ತು ಹಾಕಿದರು. ಅವರಿಗೆ ಚಾಸಿ ಗೊತ್ತಿಲ್ಲ, ಕತ್ತೆ ಗೊತ್ತು. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವಾಗ ಅವರ ಪಾತ್ರೆ, ರಾಗಿ ಹಿಟ್ಟು, ಹುಟ್ಟಿ ಎರಡು ದಿನವಾದ ಮರಿಗಳು ಎಲ್ಲವೂ ಕತ್ತೆಯ ಬೆನ್ನ ಮೇಲೆ ಎರಡು ಕಡೆಯ ಹೇರಿನಲ್ಲಿ ಹೋಗುತ್ತವೆ. ಹೇರು ಒಂದು ಕಡೆಗೆ ವಾಲಿದರೆ ಅವರು ಮರಿಯೊಂದನ್ನು ಎತ್ತಿ ಆಚೆ ಚೀಲಕ್ಕೆ ಹಾಕುತ್ತಾರೆ. ತೂಕದ ಯಂತ್ರವಿಲ್ಲ, ಪಟ್ಟಿಯಿಲ್ಲ. ಅವರು ನನ್ನ ಮನೆಯ ಎಡ ಹಿಂಭಾಗದ ಮೇಲೆ ಅಂಗೈ ಇಟ್ಟು ಒಮ್ಮೆ ಅದುಮಿದರು, ಬಿಟ್ಟರು.

"ಈ ಮೂಲೇಲಿ ಒಂದು ಕುರಿ ಐತೆ ಕಣವ್ವ."

ಮಂಚದ ಕೆಳಗೆ ಬರೀ ಒಂದು ಟ್ರಂಕು ಇದೆ, ಒಂಬತ್ತು ಕೆ.ಜಿ., ಬರೆದುಕೊಂಡಿದ್ದೇನೆ ಎಂದೆ.

"ಬರೆದಿರಬೌದು. ಹೇರಿಗೆ ಓದಾಕೆ ಬರಲ್ಲ. ಹೊರಗೆ ತೆಗಿ, ನೋಡಾಣ."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ನಾನು ಏಳನೇ ತರಗತಿಯಿಂದ ದಿನವೂ ಬರೆಯುತ್ತೇನೆ. ಯಾರಿಗೂ ತೋರಿಸುವುದಿಲ್ಲ. ಪಿಯುಸಿಯಲ್ಲಿದ್ದಾಗ ರುದ್ರೇಶ ಅದರಲ್ಲೊಂದು ನೋಟ್‌ಬುಕ್ಕನ್ನು ಹುಡುಕಿ ತೆಗೆದು, ತೊಟ್ಟಿಲು ಶಾಸ್ತ್ರಕ್ಕೆ ಬಂದ ನೆಂಟರ ಮುಂದೆ ಗಟ್ಟಿಯಾಗಿ ಓದಿದ. ಮುಂದಿನ ಪುಟದಲ್ಲಿ ಅವನ ಮೀಸೆಯ ಬಗ್ಗೆ ಎರಡು ಸಾಲು ಇದ್ದವು, ಅವನ್ನೂ ಓದಿದ. ಆಮೇಲೆ ಅವನೂ ಓದಲಿಲ್ಲ, ನಾನೂ ಮನೆಯಲ್ಲಿ ಯಾವ ಬೀಗವನ್ನೂ ನಂಬಲಿಲ್ಲ. ಗಾಡಿ ಸಿದ್ಧವಾದಾಗ ಟ್ರಂಕನ್ನು ಖಾಲಿಯಾಗಿಯೇ ತೂಗಿದೆ, ಒಂಬತ್ತು ಕೆ.ಜಿ. ಎಂದು ನಿಜವನ್ನೇ ಬರೆದೆ. ಮಂಚದ ಕೆಳಗೆ ಎಡ ಮೂಲೆಯಲ್ಲಿ ಇಟ್ಟೆ. ಆಮೇಲೆ ಒಂದು ವಾರ ಪ್ರತಿ ಮಧ್ಯಾಹ್ನ, ಅಮ್ಮ ಮಲಗಿದಾಗ, ಹೆಗಲ ಚೀಲದಲ್ಲಿ ಸ್ವಲ್ಪ ಸ್ವಲ್ಪವಾಗಿ ನೋಟ್‌ಬುಕ್ಕುಗಳನ್ನು ತಂದು ತುಂಬಿಸಿದೆ. ಚಮಚ ತೂಗಿದವಳಿಗೆ ಇದನ್ನು ಮತ್ತೆ ತೂಗಬೇಕೆಂದು ಹೊಳೆಯಲಿಲ್ಲ. ಯಾರಿಂದ ಬಚ್ಚಿಡಲು ಹೊರಟಿದ್ದೆನೋ ಅವರ ಸಾಲಿನಲ್ಲಿ ನನ್ನ ಪಟ್ಟಿಯನ್ನೂ ಸೇರಿಸಿದ್ದೆ.

ಟ್ರಂಕನ್ನು ತುಂಬಿದ ಹಾಗೆಯೇ ಎತ್ತಲು ಮೂವರಿಂದಲೂ ಆಗಲಿಲ್ಲ. ಖಾಲಿ ಮಾಡಬೇಕಾಯಿತು. ನಾನು ಒಳಗಿನಿಂದ ಕೊಡುವುದು, ಅಮ್ಮ ಬಾಗಿಲಲ್ಲಿ ನಿಂತು ತೆಗೆದುಕೊಳ್ಳುವುದು, ದೊಡ್ಡಪ್ಪ ಅಂಗಳದಲ್ಲಿ ಹಾಸಿದ ಕಂಬಳಿಯ ಮೇಲೆ ಪೇರಿಸುವುದು. ಹದಿನೈದು ವರ್ಷಗಳು ಅಮ್ಮನ ಕೈ ದಾಟಿ ಹೋದವು. ಮೊದಲಿನವುಗಳ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ 'ಓದಿದರೆ ಕಣ್ಣು ಹೋಗುತ್ತದೆ' ಎಂದಿತ್ತು. ಅಮ್ಮ ಒಂದನ್ನೂ ತೆರೆಯಲಿಲ್ಲ. ನಡುವೆ ಒಮ್ಮೆ ಐದಾರು ನೋಟ್‌ಬುಕ್ಕುಗಳ ಕಟ್ಟೊಂದನ್ನು ಕೈಯಲ್ಲೇ ತೂಗಿ ನೋಡಿದಳು.

"ಇದ್ರಾಗೆ ನನ್ ಬಗ್ಗೆ ಎಷ್ಟು ಕೆ.ಜಿ. ಐತೆ?"

ಉತ್ತರ ನನಗೆ ಗೊತ್ತಿತ್ತು. ಆದರೂ ಅದನ್ನು ತೂಗಿಲ್ಲ ಎಂದೆ. ಅಮ್ಮ ನಕ್ಕು ಕಟ್ಟನ್ನು ದೊಡ್ಡಪ್ಪನಿಗೆ ದಾಟಿಸಿದಳು.

ದೊಡ್ಡಪ್ಪನ ಮನೆಯಲ್ಲಿ ಉಣ್ಣೆ ತೂಗುವ ತಕ್ಕಡಿ ಇತ್ತು. ನೋಟ್‌ಬುಕ್ಕು, ಟ್ರಂಕು ಎರಡೂ ಸೇರಿ ಎಪ್ಪತ್ತೆಂಟು ಕೆ.ಜಿ. ಇದನ್ನು ಮತ್ತೋಡಿನಲ್ಲೇ ಬಿಟ್ಟುಹೋಗು, ಮುಂದಿನ ಸಲ ಒಯ್ಯುವೆಯಂತೆ ಎಂದು ಅವರು ಹೇಳಿದಾಗ ನಾನು ಬಹಳ ಬೇಗ ಬೇಡ ಎಂದೆ. ಹಾಗಿದ್ದರೆ ಇಡಬೇಕಾದ ಜಾಗ ಒಂದೇ ಎಂದು ಅವರು ಒಳಗೆ ಬಂದು ಕಾಲಿನಿಂದ ನೆಲ ತಟ್ಟಿ ತೋರಿಸಿದರು. ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ, ಗಾಡಿಯ ನಟ್ಟನಡುವೆ. ನನ್ನ ಲೆಕ್ಕವೂ ಅದನ್ನೇ ಹೇಳಿತು. ಬಾಲದ ಮೂಲೆಯಲ್ಲಿ ಕೂತಿದ್ದ ಭಾರ ಮುಂದಿನ ಚಕ್ರಗಳನ್ನು ಸ್ವಲ್ಪ ಎತ್ತುತ್ತಿತ್ತು. ಸ್ಟೇರಿಂಗು ಹಗುರವಾದದ್ದು ಅದಕ್ಕೇ. ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು, ಬಾಲದ ತಾಪತ್ರಯ. ಟ್ರಂಕನ್ನು ಅಲ್ಲಿಟ್ಟು, ಮತ್ತೆ ತುಂಬಿ, ನೆಲಕ್ಕೆ ಪಟ್ಟಿ ಹಾಕಿ ಬಿಗಿದೆವು. ದೊಡ್ಡಪ್ಪ ಹೊರಗೆ ಹೋಗಿ ಬೆರಳು ತೂರಿಸಿ ನೋಡಿದರು. ಎರಡೂ ಕಡೆ ನಾಲ್ಕೂವರೆ. ಆಮೇಲೆ ಒಳಗೆ ಬಂದು, ಮಂಚದ ಮೇಲೆ ಕೂರಲು ಒಪ್ಪದೆ, ಟ್ರಂಕಿನ ಮೇಲೆ ಕುಳಿತು ಚಹಾ ಕುಡಿದರು.

ಬರುವಾಗ ಅಮ್ಮ ಹೊಸದಾಗಿ ಮಜ್ಜಿಗೆ ತುಂಬಿಸಿಟ್ಟಳು. ಹೆದ್ದಾರಿಯಲ್ಲಿ ಎರಡು ಬಸ್ಸು, ಒಂದು ಟ್ಯಾಂಕರು ದಾಟಿ ಹೋದವು. ಅಮ್ಮನ ಎರಡು ಕೈಗಳಲ್ಲಿ ಒಂದು ಹಿಡಿಯನ್ನು ಬಿಟ್ಟು ಮಡಿಲಿಗೆ ಬಂತು, ಆಮೇಲೆ ಇನ್ನೊಂದೂ ಬಂತು. ಮನೆ ಮುಂದೆ ಅಪ್ಪನೂ ರುದ್ರೇಶನೂ ಕಾಯುತ್ತಿದ್ದರು. ಹೋಗುವಾಗ ಅರ್ಧ ಚೆಲ್ಲಿತು, ಬರುವಾಗ ಚೆಲ್ಲಲಿಲ್ಲ ಎಂದು ನಾನು ಪೂರ್ತಿ ವರದಿ ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತುಂಬಿದ ಲೋಟವನ್ನು ರುದ್ರೇಶನ ಕೈಗೆ ಕೊಟ್ಟು, "ಕುಡಿಯಪ್ಪ, ಕಾಯಿಗೆ ಬ್ಯಾರೆ ಗಾಡಿ ನೋಡ್ಕ" ಎಂದಳು. ಅವನು ಒಳಗೆ ಇಣುಕಿ, ಕೂರಲು ಒಳ್ಳೆ ಜಾಗ ಮಾಡಿದ್ದೀಯ ಎಂದು ಮೆಚ್ಚಿಕೊಂಡು, ಟ್ರಂಕಿನ ಮೇಲೆ ಕಾಲು ಚಾಚಿ ಕುಳಿತು, ತನ್ನ ಮೀಸೆಯ ಬಗ್ಗೆ ನಾನು ಬರೆದ ಎಲ್ಲದರ ಮೇಲೆ ಕುಳಿತು, ಮಜ್ಜಿಗೆ ಮುಗಿಸಿದ.

ಮರುದಿನ ಬೆಳಿಗ್ಗೆ ಆರೂವರೆಗೆ ಎದ್ದು, ಹಳೆಯ ಸೀರೆಯೊಂದನ್ನು ಮಡಿಸಿ ಟ್ರಂಕಿಗೆ ನಾಲ್ಕೂ ಕಡೆ ಇಳಿಬೀಳುವ ಹೊದಿಕೆ ಹೊಲಿದೆ, ಮೇಲೆ ಒಂದು ದಿಂಬು ಇಟ್ಟೆ. ಆಮೇಲೆ ಪಟ್ಟಿ ತೆಗೆದು 'ಟ್ರಂಕು, ಒಂಬತ್ತು ಕೆ.ಜಿ.' ಎಂಬುದನ್ನು ಸ್ಕೇಲಿಟ್ಟು ನೇರವಾಗಿ ಹೊಡೆದುಹಾಕಿ, ಅದರ ಪಕ್ಕದಲ್ಲಿ ಸರಿಯಾದ ಅಂಕಿಯನ್ನೇ ಬರೆದೆ: 'ಅತಿಥಿಗಳ ಆಸನ, ಎಪ್ಪತ್ತೆಂಟು ಕೆ.ಜಿ.'