ನವ್ಯಳ ಎರಡು ಕೈಗಳ ಪರವಾಗಿ, ಕೊಟ್ಟಿಗೆಯ ಕೆಂಪಿಯವರಿಗೆ

ಮಾನ್ಯ ಕೆಂಪಿಯವರೇ,

ಕ್ಯಾಸಂಬಳ್ಳಿಯ ನಮ್ಮ ಕೊಟ್ಟಿಗೆಯನ್ನು ಬೆಳಗುತ್ತಿರುವ, ಎರಡು ಹೊತ್ತೂ ಕ್ಯಾನು ತುಂಬಿಸಿ ಡೇರಿಯಲ್ಲಿ ನಮ್ಮ ಮಾವ ಮುನಿಸ್ವಾಮಪ್ಪನವರ ಮಾನ ಕಾಯುತ್ತಿರುವ ತಮ್ಮ ಗೊರಸುಗಳಿಗೆ ಈ ಮನೆಯ ಸೊಸೆ ಸುಮಲತಳ ನಮಸ್ಕಾರಗಳು. ಮೆಲುಕು ಹಾಕುವ ಹೊತ್ತಿನಲ್ಲಿ ಹಸುವಿಗೆ ಕಾಗದ ಬರೆಯುವುದು ಸರಿಯಲ್ಲವೆಂದು ಬಲ್ಲೆ; ಆದರೆ ಈ ಮನೆಯಲ್ಲಿ ತಮ್ಮ ಮಾತೊಂದೇ ನಡೆಯುವುದು.

ಮೊದಲು ತಮ್ಮ ಭಾಗ್ಯವನ್ನು ಕೊಂಡಾಡಬೇಕು. ತಮಗೆ ಕನ್ನಡ ಬರುವುದಿಲ್ಲ, ತೆಲುಗು ಬರುವುದಿಲ್ಲ, ಉರಿಗಾಂ ಕಡೆಯಿಂದ ಬಂದವರಾದರೂ ತಮಿಳೂ ಬರುವುದಿಲ್ಲ. ಆದರೂ ತಾವು ಕಿವಿ ನಿಮಿರಿಸಿದರೆ ನೀರು, ಕಾಲು ಕೆರೆದರೆ ಬೂಸಾ, ಬಾಲ ಬಡಿದರೆ ಬೇವಿನ ಹೊಗೆ. ತಾವು ಬಂದ ತಿಂಗಳೊಳಗೆ ಇಡೀ ಮನೆ ತಮ್ಮ ಭಾಷೆ ಕಲಿಯಿತು. ಮೊದಲು ಬಾಯಲ್ಲಿ ಕೇಳಲಿ, ಆಮೇಲೆ ಬೂಸಾ ಹಾಕೋಣ ಎಂದು ಯಾರೂ ಹಟ ಹಿಡಿಯಲಿಲ್ಲ.

ನನ್ನ ಮಗಳು ನವ್ಯಳಿಗೆ ನಾಲ್ಕು ವರ್ಷ, ಹುಟ್ಟಿನಿಂದ ಕಿವಿ ಕೇಳಿಸದು. ಬಂಗಾರಪೇಟೆಯ ಭಾನುವಾರದ ತರಗತಿಯಲ್ಲಿ ಸನ್ನೆ ಭಾಷೆ ಕಲಿಸುವ ಪುಷ್ಪ ಮೇಡಂ, ಮನೆಯವರೆಲ್ಲ ಈಗಲೇ ಜೊತೆಗೆ ಕಲಿತರೆ ಮಗು ತನ್ನದೇ ಭಾಷೆಯೊಂದಿಗೆ ಶಾಲೆಗೆ ಹೋಗುತ್ತದೆ, ತಡ ಮಾಡಿದರೆ ಯಾವ ಭಾಷೆಯೂ ಇಲ್ಲದೆ ಹೋಗುತ್ತದೆ ಎಂದರು. ಅದಕ್ಕೆ ನಮ್ಮತ್ತೆ ವೆಂಕಟರತ್ನಮ್ಮನವರು, "ಕೈಬಾಸೆ ಕಲ್ಸಿದ್ರೆ ಬಾಯಿ ಸೋಮಾರಿಯಾಗ್ತದೆ, ತಡಿಯಮ್ಮ, ಇವ್ಳಪ್ಪಂಗೂ ಮಾತು ತಡವಾಗೇ ಬಂದಿದ್ದು" ಎಂದರು. ಮಾವನವರು, "ನಾವೆಲ್ಲಾ ಒಂಟೋದ್ರೆ ಅಸು ನೋಡ್ಕಣೋರ್ಯಾರು?" ಎಂದರು. ಯಜಮಾನರು ಶ್ರೀಧರ್ ಇಬ್ಬರಿಗೂ ತಲೆಯಾಡಿಸಿದರು; ಅವರಿಗೆ ಬರುವ ಸನ್ನೆ ಅದೊಂದೇ.

ಹೋದ ವಾರ ಹಗ್ಗ ತಮ್ಮ ಕಾಲಿಗೆ ಸುತ್ತಿಕೊಂಡು ತಾವು ಮುಗ್ಗರಿಸಿದ್ದನ್ನು ಮೊದಲು ಕಂಡವಳು ನವ್ಯ. ಓಡಿ ಹೋಗಿ ತಾತನ ಮುಂದೆ ನಿಂತು, ತಲೆಯ ಮೇಲೆ ಎರಡು ಬೆರಳು ಕೊಂಬು ಮಾಡಿ, ಕಾಲಿಗೆ ಕೈ ಸುತ್ತಿ ಸುತ್ತಿ ತೋರಿಸಿದಳು. ಮಾವನವರು ನಕ್ಕು ಬಿಸ್ಕತ್ತು ಕೊಟ್ಟರು. ಒಗೆಯುವ ಕಲ್ಲಿನ ಬಳಿಯಿಂದ ಅದನ್ನು ನೋಡಿ ನಾನೇ ಓಡಿ ಬಂದು ಹಗ್ಗ ಬಿಚ್ಚಿದೆ. ಆಮೇಲೆ ಮನೆಮಂದಿಯೆಲ್ಲ ತಮ್ಮ ಕಾಲಿಗೆ ಅರಿಶಿನ ಹಚ್ಚುತ್ತ ಕಣ್ಣೀರಿಟ್ಟರು. ನವ್ಯ ತಿನ್ನದ ಬಿಸ್ಕತ್ತು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನಗೆ ಹೊಟ್ಟೆ ಉರಿಯಿತು, ತಾಯೀ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ, ಒಂದನ್ನಾದರೂ ನಡೆಸಿಕೊಡಬೇಕು. ಒಂದೋ ತಾವು ಈ ತಿಂಗಳೊಳಗೆ ಸ್ಪಷ್ಟ ಕನ್ನಡದಲ್ಲಿ ಬೂಸಾ ಕೇಳುವುದನ್ನು ಕಲಿಯಬೇಕು. ಬಾಲ, ಕಿವಿ ಆಡಿಸಿದರೆ ತಮ್ಮ ಬಾಯಿಯೂ ಸೋಮಾರಿಯಾದೀತು. ಇಲ್ಲವೇ ಭಾನುವಾರ ತಾವೇ ಬಂಗಾರಪೇಟೆಯ ತರಗತಿಗೆ ಸೇರಿಕೊಳ್ಳಬೇಕು. ತಮ್ಮನ್ನು ಒಬ್ಬರನ್ನೇ ಬಿಡದ ಮಾವನವರು ಹಗ್ಗ ಹಿಡಿದು ಹಿಂದೆಯೇ ಬರುತ್ತಾರೆ, ಅತ್ತೆಯವರು ಬೂಸಾ ಹೊತ್ತು ತರುತ್ತಾರೆ. ಮುಂದಿನ ಬೆಂಚು ತಮಗೇ ಬಿಡಿಸಿಕೊಡುತ್ತೇನೆ.

ತಮ್ಮ ಸಗಣಿ ಬಾಚುವ ವಿಶ್ವಾಸಿ,
ಸುಮಲತ

ತಾ.ಕ.: ಸಂತೋಷದ ಸುದ್ದಿ. ಮಾವನವರು ಕೊನೆಗೂ ಒಂದು ಸನ್ನೆ ಕಲಿತಿದ್ದಾರೆ. ಈಗ ದಿನಾ ಬೆಳಗ್ಗೆ ಮೊಮ್ಮಗಳ ಮುಂದೆ ಕೂತು, ತಲೆಯ ಮೇಲೆ ಎರಡು ಬೆರಳಿಟ್ಟು ತಮ್ಮ ಯೋಗಕ್ಷೇಮ ವಿಚಾರಿಸುತ್ತಾರೆ. ನಾವಿಬ್ಬರೇ ಹೋಗಿಬರುವ ತರಗತಿಯಲ್ಲಿ ಪುಷ್ಪ ಮೇಡಂ ನವ್ಯಳಿಗೂ ಅವಳನ್ನು ಕರೆಯಲು ಹೆಸರಿನ ಸನ್ನೆಯೊಂದನ್ನು ಕೊಟ್ಟಿದ್ದಾರೆ: ಕೆನ್ನೆಯ ಗುಳಿಯ ಮೇಲೆ ಬೆರಳಿಡುವುದು. ಅದನ್ನು ಮಾವನವರಿನ್ನೂ ಕಲಿತಿಲ್ಲ. ಅದಕ್ಕೆ ಒಂದೇ ಬೆರಳು ಸಾಕು.