ಟೇಕಡಿಯ ಕರಡಿ

ನನ್ನ ನೆನಪಿನ ಶಕ್ತಿ ಕಡಿಮೆಯೆಂದು ಯಾರೂ ಹೇಳುವಂತಿಲ್ಲ. ನೆನಪು ಕಡಿಮೆಯಿರುವವರು ನಡೆದದ್ದನ್ನು ಮರೆಯುತ್ತಾರೆ, ಅಷ್ಟೆ. ನಾನು ನಡೆಯದೇ ಇದ್ದದ್ದನ್ನೂ ನೆನಪಿಟ್ಟುಕೊಳ್ಳುತ್ತೇನೆ. ನನ್ನ ಕೊಡೆಯನ್ನೇ ತೆಗೆದುಕೊಳ್ಳಿ. ಬೆಳಗಾವಿಯ ಒಂದು ಅಂಗಡಿಯ ಮುಂದೆ ನೆನೆಯುತ್ತ ನಿಂತು, ಚೌಕಾಸಿ ಮಾಡಿ, ಅದನ್ನು ಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಂಗಡಿಯವನ ಬಾಯಲ್ಲಿ ಒಂದು ಬಂಗಾರದ ಹಲ್ಲಿತ್ತು. "ಅದನ್ನ ನಮ್ಮ ಅಣ್ಣ ದೀಪಾವಳಿಗೆ ಕೊಟ್ಟಾನರಿ. ಹಿಡಿಕಿ ಮ್ಯಾಲ ಅವನ ಹೆಸರು ಕೊರದದ ನೋಡ್ರಿ," ಎನ್ನುತ್ತಾಳೆ ನನ್ನ ಹೆಂಡತಿ ಇಂದಿರಾ. ನೋಡಿದರೆ ಹೆಸರು ಇದೆ. ಹಾಗಾದರೆ ಇಲ್ಲದ ಅಂಗಡಿಯ ಇಲ್ಲದ ಮನುಷ್ಯನಿಗೆ ಬಂಗಾರದ ಹಲ್ಲು ಕಟ್ಟಿಸಿದವರು ಯಾರು? ಇಂಥವನು ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುತ್ತಾನೆ. ಕಣ್ಣಾರೆ ಕಂಡೆ ಎನ್ನುವವನ ಮಾತನ್ನು ಎಷ್ಟು ನಂಬಬೇಕು ಎಂಬ ಪಾಠ ಬಂದಾಗ ಹುಡುಗರಿಗೆ ನಾನು ಬಹಳ ಚೆನ್ನಾಗಿ ಹೇಳಿಕೊಡುತ್ತೇನೆಂದು ಪ್ರಸಿದ್ಧಿಯಿದೆ. ಅನುಭವದ ಮಾತು, ಬೇರೇನಿಲ್ಲ.

ಪುಣೆಯಲ್ಲಿ ಮನೆಯಿಲ್ಲದೆ ಇರಬಹುದು, ಮಂಡಳವಿಲ್ಲದೆ ಇರಲಾಗುವುದಿಲ್ಲ. ಧಾರವಾಡದಿಂದ ಬಂದ ಹೊಸದರಲ್ಲಿ ನಾನು ಯಾವ ಮಂಡಳಕ್ಕೂ ಸೇರಿರಲಿಲ್ಲ. ನಾವಿದ್ದ ವಾಡೆಯ ಜನ ನನ್ನನ್ನು ಪೊಲೀಸರ ಕಡೆಯವನೆಂದೇ ತಿಳಿದರು. ಆ ಸಂಶಯ ನಿವಾರಣೆಗಾಗಿ ನಾನು ವೃಕ್ಷಸೇವಾ ಮಂಡಳಕ್ಕೆ ಸೇರಿದೆ. ಕೋಥರೂಡ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಬೋಳು ಗುಡ್ಡವಿದೆ, ಪುಣೆಯವರ ಮಾತಿನಲ್ಲಿ ಟೇಕಡಿ. ಮುನಿಸಿಪಾಲಿಟಿಯವರು ಅದರ ಒಂದು ಮಗ್ಗುಲಿಗೆ ಮುಳ್ಳುತಂತಿ ಸುತ್ತಿ 'ವನೋದ್ಯಾನ' ಎಂದು ಬೋರ್ಡು ಹಾಕಿದ್ದರು. ವನ ಮಾತ್ರ ಇನ್ನೂ ಬರಬೇಕಾಗಿತ್ತು. ಅದನ್ನು ಬರಿಸುವುದು ನಮ್ಮ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್ಲುಗಳನ್ನು ಬುಡದಲ್ಲಿ ಒರಗಿಸಿ ನಾವು ಸ್ವಯಂಸೇವಕರು ಮೇಲೆ ಹತ್ತುತ್ತಿದ್ದೆವು. ಮೊದಲು ಪ್ರಾರ್ಥನೆ. ಆಮೇಲೆ ಅಧ್ಯಕ್ಷರಾದ ತಾತ್ಯಾಸಾಹೇಬರ ಭಾಷಣ. ಅವರು ನಿವೃತ್ತ ಹೆಡ್‌ಮಾಸ್ತರರು, ಉಬ್ಬಸದವರು. ಅವರ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಬಿಸಿಲು ಒಂದು ಬಂಡೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಭಾಷಣದ ನಂತರ ಉಪ್ಪಿಟ್ಟು. ಅದನ್ನು ಪೇಟೆಯಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಭಟ್ಟರು ಧರ್ಮಾರ್ಥವಾಗಿ ಹೊತ್ತು ತರುತ್ತಿದ್ದರು. ಉಪ್ಪಿಟ್ಟಿನ ಮೇಲೆ ನೀರು ಕುಡಿದು ಉಳಿದರೆ ಗಿಡಗಳಿಗೆ ಹಾಕುತ್ತಿದ್ದೆವು.

ಹೀಗಿದ್ದರೂ ಗಿಡಗಳು ಚಿಗುರುತ್ತಿದ್ದವು. ಸೃಷ್ಟಿಯ ಔದಾರ್ಯ ದೊಡ್ಡದು. ಆದರೆ ಚಿಗುರಿದ್ದನ್ನೆಲ್ಲ ಸಖೂಬಾಯಿಯ ಆಡುಗಳು ತಿನ್ನುತ್ತಿದ್ದವು. ಆಕೆ ಟೇಕಡಿಯ ಬುಡದ ಸಣ್ಣ ಹಳ್ಳಿಯಲ್ಲಿದ್ದ ಹೆಂಗಸು. ತಂತಿಯಲ್ಲಿ ಮನುಷ್ಯರಿಗೆ ಕಾಣದ ಕಿಂಡಿ ಆಡಿಗೆ ಕಾಣುತ್ತದೆ. ನಾನು ನನ್ನ ಕೈಯಾರೆ ನೆಟ್ಟ ಒಂದು ಹೊಂಗೆಯ ಸಸಿಯಿತ್ತು. ಅದು ನನ್ನ ಮೊಣಕಾಲಿಗೆ ಬರುವುದು, ಒಂದು ಆಡು ಬಂದು ಅದನ್ನು ನನ್ನ ಹಿಮ್ಮಡಿಗೆ ಇಳಿಸಿ ಹೋಗುವುದು, ಹೀಗೆ ನಡೆದಿತ್ತು. ಜಗತ್ತಿನಲ್ಲಿ ಯಾವುದನ್ನೂ ಪೂರ್ತಿ ನಂಬದ ನನಗೆ ಆ ಸಸಿಯ ಮೇಲೆ ಮಾತ್ರ ಯಾಕೋ ಜೀವ. ಮಂಡಳ ಆಡುಗಳ ವಿರುದ್ಧ ಠರಾವು ಪಾಸು ಮಾಡಿತು. 'ಆಡುಗಳಿಗೆ ಪ್ರವೇಶವಿಲ್ಲ' ಎಂದು ಬೋರ್ಡು ಬರೆಸಿತು. "ನಾನೇನೋ ಬೇಡ ಅಂತೀನಿ ಸಾಹೇಬ. ನೀವೇ ಅವಕ್ಕೆ ಒಂದು ಸಲ ಓದಿ ಹೇಳಿ. ನಿಮ್ಮಷ್ಟು ಕಲಿತವರ ಮಾತು ಕೇಳಿದರೂ ಕೇಳಿಯಾವು," ಎಂದಳು ಸಖೂಬಾಯಿ.

ಇನ್ನು ಆ ಭಾನುವಾರದ ಸಂಗತಿ. ಆಷಾಢದ ಜಿನುಗು ಮಳೆ, ಟೇಕಡಿಯ ಮೇಲೆ ಮಂಜು. ತಾತ್ಯಾಸಾಹೇಬರು ತುಸು ಮೇಲೆ ಸಸಿಗಳ ಸಾಲಿನ ಹತ್ತಿರ ನಿಂತು ಭಾಷಣಕ್ಕೆ ಉಸಿರು ಕೂಡಿಸುತ್ತಿದ್ದರು. ನಾನು ಕೆಳಗೆ ಒಂದು ಲಂಟಾನ ಪೊದೆಯ ಮಗ್ಗುಲಲ್ಲಿ ಕೊಡೆ ಹಿಡಿದು, ಭಾಷಣ ಕೇಳಿಸದಷ್ಟು ದೂರದಲ್ಲಿ ಪ್ರಕೃತಿಯನ್ನು ಸವಿಯುತ್ತಿದ್ದೆ. ಇದ್ದಕ್ಕಿದ್ದಂತೆ ತಾತ್ಯಾಸಾಹೇಬರು ಕೂಗಿದರು. ಉಬ್ಬಸದಲ್ಲಿ ಅರ್ಧ ನುಂಗಿಹೋದ ಕೂಗು. ನನಗೆ ಕೇಳಿಸಿದ್ದು ಒಂದೇ ಮಾತು: "ಕರಡಿ."

ಅದೇ ಹೊತ್ತಿಗೆ ಪೊದೆ ಅಲುಗಿತು. ಒಳಗೆ ಏನೋ ಕಪ್ಪಗೆ ಇತ್ತು. ಅದು ಉಸಿರಾಡುತ್ತಿತ್ತು.

ಆಮೇಲೆ ನಾನು ತರ್ಕ ಮಾಡಲಿಲ್ಲ. ಕೊಡೆ ಅಲ್ಲೇ ಬಿತ್ತು, ಒಂದು ಚಪ್ಪಲಿ ದಾರಿಯಲ್ಲಿ ಬಿತ್ತು. "ಕರಡಿ ಬಂತು, ಕರಡಿ," ಎನ್ನುತ್ತ ಇಳಿಜಾರಿನಲ್ಲಿ ಉರುಳಿದ್ದಕ್ಕೂ ಓಡಿದ್ದಕ್ಕೂ ನಡುವಿನ ರೀತಿಯಲ್ಲಿ ಇಳಿದು ಬರುತ್ತಿದ್ದೆ. ಎದುರಿಗೆ ಭಟ್ಟರು ಉಪ್ಪಿಟ್ಟಿನ ಪಾತ್ರೆ ಹೊತ್ತು ಹತ್ತುತ್ತಿದ್ದರು. ಇಡೀ ಟೇಕಡಿಯಲ್ಲಿ ನನ್ನ ಕನ್ನಡ ತಿಳಿಯುವವರು ಅವರೊಬ್ಬರೇ, ಅವರೇ ಎದುರಾದರು. ಪಾತ್ರೆಯನ್ನು ದಾರಿಯಲ್ಲೇ ಇಟ್ಟು ಅವರು ನನಗಿಂತ ಮುಂದೆ ಓಡಿದರು, ಓಡುತ್ತ ಓಡುತ್ತ ಅದನ್ನೇ ಎಲ್ಲರಿಗೂ ಮರಾಠಿಯಲ್ಲಿ ಸಾರಿದರು: "ಅಸ್ವಲ, ಅಸ್ವಲ." ಮರಾಠಿಯಲ್ಲಿ ಕರಡಿಗೆ ಅಸ್ವಲ ಎನ್ನುತ್ತಾರೆ. ಸ್ವಯಂಸೇವಕರೆಲ್ಲ ಸೈಕಲ್ಲುಗಳ ಹತ್ತಿರ ಸೇರಿದರು. ಯಾರದೋ ಸೈಕಲ್ಲನ್ನು ಯಾರೋ ಹತ್ತಿ ಹೋದರು. ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕೋಲು ಹಿಡಿದು ಮೇಲೆ ಹೋದವರಿಗೆ ಉಪ್ಪಿಟ್ಟಿನ ಪಾತ್ರೆ ಬೋರಲಾಗಿ ಬಿದ್ದದ್ದು ಕಂಡಿತು. ಒಳಗೆಲ್ಲ ನೆಕ್ಕಿ ತೊಳೆದಂತಿತ್ತು. ಹಸಿಮೆಣಸಿನಕಾಯಿಯ ಚೂರುಗಳನ್ನು ಮಾತ್ರ ಬಿಟ್ಟಿತ್ತು. ಕರಡಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಇಂದಿರಾಳಿಗೆ ಹೇಳಿದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ತಾತ್ಯಾಸಾಹೇಬರು ಮರಾಠಿಯೊಳಗ ಕೂಗಿದ್ರೋ ಕನ್ನಡದಾಗೋ?"

"ಅವರಿಗೆ ಕನ್ನಡ ಎಲ್ಲಿ ಬರುತ್ತದೆ?"

"ಮತ್ತ ಅವರು 'ಕರಡಿ' ಅಂತ ಹೆಂಗ ಅಂತಾರರಿ? 'ಕರಡಂ' ಅಂದಿರಬೇಕು. ಕರಡಂ ಅಂದ್ರ ಆಡಿನ ಮರಿಗೋಳು."

ನನ್ನ ಮರಾಠಿಯೆಲ್ಲ ಪತ್ರಿಕೆಯ ಅಗ್ರಲೇಖನಗಳಿಂದ ಕಲಿತದ್ದು. ಅವುಗಳಲ್ಲಿ ಸಾಮ್ರಾಜ್ಯಗಳು ಬರುತ್ತವೆ, ಆಡಿನ ಮರಿಗಳು ಬರುವುದಿಲ್ಲ. ಇಂದಿರಾಳ ಮರಾಠಿ ನಲ್ಲಿಯ ಕಟ್ಟೆಯದು, ಅದರಲ್ಲಿ ಎಲ್ಲ ಪ್ರಾಣಿಗಳೂ ಇವೆ. ಅಂತೂ ಮರಾಠಿಯಲ್ಲಿ ಹೊರಟ ಆಡಿನ ಮರಿ ನನ್ನ ಕಿವಿಯಲ್ಲಿ ಕರಡಿಯಾಗಿ, ಭಟ್ಟರ ಬಾಯಲ್ಲಿ ಅಸ್ವಲವಾಗಿ, ಬೆಳೆದು ದೊಡ್ಡದಾಗಿ ತನ್ನ ಭಾಷೆಗೆ ಮರಳಿತ್ತು.

"ಪೊದಿಯೊಳಗ ಇದ್ದದ್ದು ಸಖೂಬಾಯಿ ಆಡಿನ ಮರೀನ ಇರಬೇಕು ಪಾಪ," ಎಂದಳು ಆಕೆ. "ಉಪ್ಪಿಟ್ಟು ತಿಂದು ಹೋಗ್ಯದ. ಕೊಡಿ ಎಲ್ಲಿ ಬಿಟ್ಟು ಬಂದ್ರಿ? ನಮ್ಮಣ್ಣ ಕೊಟ್ಟಿದ್ದದು."

ಮುಂದಿನ ಭಾನುವಾರ ನಿಜ ಹೇಳಿಬಿಡುವುದೆಂದು ಹೋದೆ. ಟೇಕಡಿಯ ಬುಡದಲ್ಲಿ ಹಿಂದೆಂದೂ ಕಾಣದಷ್ಟು ಸೈಕಲ್ಲುಗಳು. ಗಿಡ ನೆಡಲು ಕರೆದರೆ ಬಾರದವರು ಕರಡಿಯಿದೆಯೆಂದರೆ ಬರುತ್ತಾರೆ. ಕೋಲು ಹಿಡಿದು ಬಂದವರು ಸುಮ್ಮನೆ ನಿಲ್ಲುವುದೇಕೆಂದು ಒಂದೊಂದು ಕೊಡ ನೀರನ್ನೂ ತಂದಿದ್ದರು. ಮುಖ್ಯವಾಗಿ, ಆಡುಗಳಿರಲಿಲ್ಲ. "ನಾನು ಆ ಕಡೆ ಕಾಲಿಡೋದಿಲ್ಲ ತಾಯಿ. ಕಾಲುವೆ ದಂಡೆಯಲ್ಲಿ ಇದಕ್ಕಿಂತ ಒಳ್ಳೆ ಹುಲ್ಲಿದೆ," ಎಂದು ಸಖೂಬಾಯಿ ಹೇಳಿದಳಂತೆ. ನನ್ನ ಹೊಂಗೆಯ ಸಸಿಯ ತುದಿಯಲ್ಲಿ ಯಾರೂ ಕಚ್ಚದ ಎರಡು ಎಲೆಗಳು, ತಾಮ್ರದ ಬಣ್ಣದವು, ಗಾಳಿಗೆ ಆಡುತ್ತಿದ್ದವು. ನಾನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಸತ್ಯಕ್ಕೆ ಅವಸರವಿಲ್ಲ, ಒಂದು ವಾರ ತಡೆದೀತು ಎಂದುಕೊಂಡೆ. ಸಸಿ ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಸತ್ಯ ತಡೆಯುತ್ತಲೇ ಇತ್ತು.

ಅಷ್ಟರಲ್ಲಿ ಕರಡಿಯನ್ನು ಕಾಣದ ಸದಸ್ಯರೇ ಮಂಡಳದಲ್ಲಿ ಉಳಿಯಲಿಲ್ಲ. ಸಂಸ್ಕೃತದ ಒಬ್ಬ ಶಾಸ್ತ್ರಿಗಳು ಅದರ ಗುರುಗುಟ್ಟುವಿಕೆಯಲ್ಲಿ ಗಾಂಭೀರ್ಯ ಗುರುತಿಸಿದ್ದರು. ಒಬ್ಬ ವಕೀಲರು ಹೆಜ್ಜೆ ಗುರುತಿನ ಸುತ್ತ ಕಲ್ಲಿಟ್ಟು ಕಾವಲು ಕೂತಿದ್ದರು. ನನಗೆ ಕಾಣಲಿಲ್ಲ ಎಂದವರಿಗೆ, ನೀವು ತಡವಾಗಿ ಬರುತ್ತೀರಿ ಎಂಬ ಆಕ್ಷೇಪಣೆ ಕಾದಿರುತ್ತಿತ್ತು. ಹೀಗಾಗಿ ತಡವಾಗಿ ಬರುವವರು ಮೊದಲು ಕಂಡರು.

ಈ ಸಂತೋಷ ಮುನಿಸಿಪಾಲಿಟಿಯ ಕಿವಿಗೆ ಬಿದ್ದು, ಉದ್ಯಾನಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರು ವಿಚಾರಣೆಗೆ ಬರುವುದೆಂದಾಯಿತು. ಕರಡಿ ಇದ್ದರೆ ವನೋದ್ಯಾನಕ್ಕೆ ಬೀಗ ಹಾಕಿ ಶಿಕಾರಿಯವರನ್ನು ಕರೆಸಬೇಕು. ಅವರ ಬೂಟು, ನಾಯಿ, ಕೂಗಿ ಪ್ರಾಣಿಯನ್ನು ಹೊರಡಿಸುವ ಹಾಕಾ ಜನ ಹಾಯ್ದ ಮೇಲೆ ಸಸಿ ಉಳಿಯುವುದಿಲ್ಲ. ಕರಡಿ ಇಲ್ಲದಿದ್ದರೆ ಆಡುಗಳು ಮರಳುತ್ತವೆ. ಆಗಲೂ ಸಸಿ ಉಳಿಯುವುದಿಲ್ಲ. ಮೊದಲ ಸಾಕ್ಷಿ ನಾನು. ಹಿಂದಿನ ಸಂಜೆ ನಾನು ಮನೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಾಡುವುದನ್ನು ನೋಡಿ ಇಂದಿರಾ, "ಖರೇನ ಹೇಳ್ರಿ. ಆದ್ರ ಗಿಡಾ ಉಳಿಯೋಹಂಗ ಹೇಳ್ರಿ," ಎಂದಳು. ಇಂಥ ವಾಕ್ಯಕ್ಕೆ ತರ್ಕಶಾಸ್ತ್ರದಲ್ಲಿ ಜಾಗವಿಲ್ಲವೆಂದೆ. "ಅದಕ್ಕ ನಿಮಗ ಅದರಾಗ ಪಗಾರ ಕಡಿಮಿ," ಎಂದಳು.

ಅಧಿಕಾರಿ ಬಂಡೆಯ ಮೇಲೆ ರುಮಾಲು ಹಾಸಿ ಕುಳಿತರು. ಸುತ್ತಲೂ ಮಂಡಳ. ನಾನು ಎದ್ದು ನಿಂತು, ಸಸಿಯ ಕಡೆ ನೋಡದೆ, ನಿಜ ಹೇಳಿಬಿಟ್ಟೆ. ಕರಡಂ, ಕರಡಿ, ಅಸ್ವಲ, ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಗೆ, ನಾನು ಓಡಿದ್ದು ಒಂದು ಆಡಿನ ಮರಿಗೆ ಹೆದರಿ ಎಂದೂ ಹೇಳಿದೆ. ಇಡೀ ಪುಣೆಯ ಎದುರು ಅಷ್ಟು ಹೇಳಲು ಎಷ್ಟು ಕಷ್ಟವಾಯಿತೆಂದು ನಿಮಗೆ ತಿಳಿಯಲಾರದು.

ಯಾರೂ ನಗಲಿಲ್ಲ. ಎಲ್ಲರ ಮುಖದಲ್ಲೂ ಕನಿಕರವಿತ್ತು. ತಾತ್ಯಾಸಾಹೇಬರು ಎದ್ದು ನನ್ನ ಭುಜದ ಮೇಲೆ ಕೈಯಿಟ್ಟರು. "ಪ್ರೊಫೆಸರರು ಸಜ್ಜನರು," ಎಂದು ಅಧಿಕಾರಿಗೆ ಹೇಳಿದರು. "ಆದರೆ ನೆನಪು ಸ್ವಲ್ಪ... ಅವರ ಮನೆಯವರೂ ಹಾಗೇ ಹೇಳುತ್ತಾರೆ. ಕೂಗಿದವನು ನಾನು. ನಾನು 'ಕರಡಂ' ಎನ್ನಲಿಲ್ಲ. 'ಅಸ್ವಲ' ಎಂದೆ. ನನ್ನ ಕಣ್ಣೆದುರು ನಿಂತಿತ್ತಲ್ಲ."

ನಾನು ಭಟ್ಟರ ಕಡೆ ತಿರುಗಿ ಕನ್ನಡದಲ್ಲಿ, "ನೀವಾದರೂ ಹೇಳಿ, ನೀವು ಕರಡಿಯನ್ನು ನೋಡಿದಿರಾ?" ಎಂದೆ.

"ನಾನು ಕರಡಿ ನೋಡ್ಲಿಲ್ಲ ಮಾರಾಯ್ರೆ," ಎಂದರು ಭಟ್ಟರು. "ನಿಮ್ಮ ಮುಖ ನೋಡಿದೆ. ಅಷ್ಟು ಸಾಕಲ್ಲ? ಆಡಿನ ಮರಿ ನೋಡಿದವರ ಮುಖ ಹಾಗೆ ಇರ್ತದಾ?"

ಅಧಿಕಾರಿಗೆ ಅದರ ಅರ್ಥವನ್ನು ನಾನೇ ಮರಾಠಿಯಲ್ಲಿ ಹೇಳಬೇಕಾಯಿತು. ಅವರು ತಲೆದೂಗಿದರು. ಊರೆಲ್ಲ ಕಂಡ ಕರಡಿಯನ್ನು ಮೊದಲು ಕಂಡವನೊಬ್ಬನೇ ಕಾಣಲಿಲ್ಲವೆನ್ನುವುದು ಅವರಿಗೆ ವಿಚಿತ್ರವಾಗಿ ತೋರಿತು. ಅದು ಯಾರಿಗಾದರೂ ಗಾಯ ಮಾಡಿತೇ ಎಂದು ಕೇಳಿದರು. ಇಲ್ಲ. ಮನುಷ್ಯರ ಮೇಲೆ ಬಂತೇ? ಇಲ್ಲ, ಉಪ್ಪಿಟ್ಟಿನ ಮೇಲೆ ಮಾತ್ರ. ಭಟ್ಟರು ಆ ದಿನವೂ ಉಪ್ಪಿಟ್ಟು ತಂದಿದ್ದರು. ಅಧಿಕಾರಿ ಎರಡು ಸಲ ಹಾಕಿಸಿಕೊಂಡು, ಆ ಪ್ರಾಣಿಯ ಮನಸ್ಸು ತಮಗೆ ಅರ್ಥವಾಯಿತೆಂದರು. ತೀರ್ಪು ಹೀಗಾಯಿತು: ಕರಡಿ ಸಾಧು ಸ್ವಭಾವದ್ದು, ಸದ್ಯ ಸಿಂಹಗಡದ ಕಡೆಗೆ ಹೋಗಿರುವಂತಿದೆ, ತಿರುಗಿ ಬರಬಹುದು. ಶಿಕಾರಿಯ ಅಗತ್ಯವಿಲ್ಲ. ಜನ ಗುಂಪಾಗಿ ಬರಬೇಕು. ಆಡುಗಳನ್ನು ಮಾತ್ರ, ಅವುಗಳ ಹಿತದೃಷ್ಟಿಯಿಂದ, ಬಿಡಕೂಡದು.

ಹೀಗೆ ನಾನು ನಿಜವನ್ನೇ ಹೇಳಿದೆ, ಗಿಡವೂ ಉಳಿಯಿತು. ಇಂದಿರಾ ಹೇಳಿದಂತೆಯೇ ಆಯಿತು, ನಡುವೆ ನನ್ನ ಮಾನ ಹೋದದ್ದೊಂದು ಬಿಟ್ಟು.

ಈಗ ಆ ಸಾಲೆಲ್ಲ ತಲೆಗಿಂತ ಎತ್ತರಕ್ಕೆ ಬೆಳೆದಿದೆ. ಹೊಂಗೆಯ ನೆರಳಿನಲ್ಲಿ ನಾಲ್ಕು ಜನ ಚಾಪೆ ಹಾಸಬಹುದು. ಪ್ರತಿ ಆಷಾಢದಲ್ಲಿ ಅಲ್ಲಿ ಮಂಡಳದ ವನಭೋಜನ ನಡೆಯುತ್ತದೆ. 'ಕರಡಿ ಭಾನುವಾರ' ಎಂದೇ ಅದಕ್ಕೆ ಹೆಸರು. ಹೆಂಗಸರು ಮಕ್ಕಳೆಲ್ಲ ಬರುತ್ತಾರೆ. ಊಟದ ನಂತರ, ಮೊದಲು ಕಂಡವನೆಂದು ನನ್ನನ್ನು ನಿಲ್ಲಿಸಿ ಕಥೆ ಹೇಳಿಸುತ್ತಾರೆ. ಮೊದಲ ವರ್ಷ ನಾನು 'ಕಂಡಿತಂತೆ', 'ಬಂತಂತೆ' ಎಂದು ಒಬ್ಬ ವಿಚಾರವಂತ ಹೇಳಬೇಕಾದಂತೆ ಹೇಳಿದೆ. ಮಕ್ಕಳು ಆಕಳಿಸಿದರು. ಮರುವರ್ಷ 'ಅಂತೆ'ಗಳು ಕಡಿಮೆಯಾದವು. ಕರಡಿಯ ಎದೆಯ ಮೇಲೆ ಬೆಳ್ಳಗಿನ ಒಂದು ಗೆರೆಯಿರುತ್ತದೆಂದು ನಾನು ಆಮೇಲೆ ಲೈಬ್ರರಿಯಲ್ಲಿ ಓದಿದೆನೋ, ಅಂದೇ ನೋಡಿದೆನೋ, ಈಗ ಖಚಿತವಾಗಿ ಹೇಳಲಾರೆ. ಲಂಟಾನ ಪೊದೆಯ ಒಳಗೆ ಆ ಬಿಳಿ ಗೆರೆ ಮಾತ್ರ ನನ್ನ ಕಣ್ಣ ಮುಂದಿದೆ. ಪಕ್ಕದಲ್ಲಿ ನನ್ನ ಕೊಡೆ ಬಿದ್ದಿದೆ, ಬೆಳಗಾವಿಯಲ್ಲಿ ಕೊಂಡದ್ದು.

ಈ ಸಲ ನಾನು ಕಥೆ ಹೇಳುತ್ತ, ಕರಡಿ ಬಲಗಾಲು ಕುಂಟುತ್ತ ಪೊದೆಯಿಂದ ಹೊರಬಂದ ಭಾಗಕ್ಕೆ ಬಂದಿದ್ದೆ. ಹಿಂದೆ ಹೆಂಗಸರ ಸಾಲಿನಲ್ಲಿ ಎಲೆ ಎತ್ತುತ್ತಿದ್ದ ಇಂದಿರಾ ತಲೆಯೆತ್ತದೆ, "ಅದೇನರಿ, ಹ್ವಾದ ವರ್ಷ ಎಡಗಾಲು ಕುಂಟತಿತ್ತಲ್ಲ?" ಎಂದಳು.

ಆಕೆ ಕೆಣಕುತ್ತಿದ್ದಾಳೆಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಇಷ್ಟು ಜನರ ಮುಂದೆ ತಪ್ಪು ವಿವರ ಹೋಗಬಾರದಲ್ಲ.

"ಎಡಗಾಲಲ್ಲ, ಬಲಗಾಲು," ಎಂದೆ. "ನೀನು ನೋಡಿದ್ದರೆ ತಿಳಿಯುತ್ತಿತ್ತು."