ಮೇಲಿಂದ ಆರಡಿ

"ಮೇಲೆ" ಎಂಬ ಎರಡಕ್ಷರದ ಮಾತು ನಂಜೇಶನ ಮಾನ ಕಳೆಯಿತು.

ನಂಜನಗೂಡಿನಲ್ಲಿ ಮನೆ ಪ್ಲಾನು ಬರೆದುಕೊಡುವ ಅಂಗಡಿ ಅವನದು. ಬದನವಾಳಿನ ಮಾವ ಮಹಾದೇವಸ್ವಾಮಿಯವರು ಹೊಸ ಮನೆ ಕಟ್ಟಲು ಹೊರಟಾಗ, ಕೆಲಸವನ್ನು ಮೇಸ್ತ್ರಿಯಾಗಿದ್ದ ದೊಡ್ಡಳಿಯನಿಗೇ ಕೊಡುವವರಿದ್ದರು. ನಂಜೇಶನ ಹೆಂಡತಿ ಭಾನುಪ್ರಿಯಾ ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟಳು. ಮಾವ ಮೆತ್ತಗಾದರು.

"ಆಯ್ತು ಕಣವ್ವ. ಮೊದ್ಲು ದೇವಮೂಲೇಲಿ ನೀರಿನ ಸಂಪು ತೆಗೆಸ್ಲಿ. ಅದು ಸರಿಹೋದ್ರೆ ಪ್ಲಾನೂ ನಿನ್ ಗಂಡಂದೇ."

ಸೋಮವಾರ ಹನ್ನೆರಡಕ್ಕೆ ಗಂಗೆಪೂಜೆ ಎಂದು ಗೊತ್ತಾಯಿತು.

ಬಿಸಿಲಲ್ಲಿ ನಿಂತು ಟೇಪು ಹಿಡಿಯುವುದು ಹಳೇ ಕಾಲದವರ ಕೆಲಸ ಎಂದು ನಂಜೇಶನ ನಂಬಿಕೆ. ಮದುವೆ ವಿಡಿಯೋದವನಿಂದ ಡ್ರೋನಿನಲ್ಲಿ ಸೈಟಿನ ಫೋಟೋ ತೆಗೆಸಿದ್ದ. ಫೋಟೋ ಮೇಲೆ ಗೆರೆ ಎಳೆದರೆ ಇಷ್ಟಡಿ ಎಂದು ಹೇಳುವ ಸಾಫ್ಟ್‌ವೇರನ್ನು ತಾನೇ ಬರೆದಿದ್ದ. ನಕ್ಷೆಯ ನೆತ್ತಿ ಅಂದರೆ ಉತ್ತರ ಎಂದು ಮೂರನೇ ಕ್ಲಾಸಿನಲ್ಲೇ ಕಲಿತವನು. ಬಲಗಡೆ ಮೇಲಿನ ಮೂಲೆಯೇ ಈಶಾನ್ಯ, ಅದೇ ದೇವಮೂಲೆ ಎಂದು ಅಲ್ಲೊಂದು ಚೌಕ ಬರೆದು, ಜೆಸಿಬಿ ಓಡಿಸುವ ಮಧುಕುಮಾರನಿಗೆ ಫೋನು ಮಾಡಿದ.

"ಹುಣಸೆಮರದ ಬೇಲಿಯಿಂದ ಮೂವತ್ತಾರಡಿ. ಮೇಲಿಂದ ಆರಡಿ. ಅಗಿಯಪ್ಪ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಧು ಫೋನು ಮಾಡಿದ. "ಆಯ್ತು ಸಾ. ಏರಲ್ಲಿ ಮಣ್ಣು ಗಟ್ಟಿ, ಆದ್ರೂ ತೆಗೆದ್ವಿ."

"ಏರಾ? ರಸ್ತೆ ಪಕ್ಕ ಅಲ್ವಾ?"

"ರಸ್ತೆ ತಗ್ಗಲ್ಲೈತೆ ಸಾ. ನೀವು ಮೇಲಿಂದ ಅಂದ್ರಿ. ಮೇಲೆ ಅಂದ್ರೆ ಏರಲ್ವಾ?"

ನಂಜೇಶ ಪರದೆಯ ಕಡೆ ತಿರುಗಿದ. ಕಂಪ್ಯೂಟರು ಪರದೆಯ ನೆತ್ತಿಯಿಂದ ಎಣಿಸಿದ್ದನ್ನು ಮಧು ನೆಲದ ಏರಿನಿಂದ ಎಣಿಸಿದ್ದ. ಪರದೆಯಲ್ಲಿ ನೋಡಿದರೆ ಗುಂಡಿ ಬಲಗಡೆ ಕೆಳಗಿನ ಮೂಲೆಗೆ ಬಿದ್ದಿತ್ತು.

"ಅಗ್ನಿಮೂಲೆ," ಎಂದಳು ಪಕ್ಕದ ಟೇಬಲ್ಲಿನ ಸುನೀತಾ, ಯಾರೂ ಕೇಳದಿದ್ದರೂ. "ಒಲೆ ಇಡೋ ಜಾಗದಲ್ಲಿ ನೀರು ನಿಲ್ಲಿಸಿದ್ರೆ ನಿಮ್ಮತ್ತೆಗೆ ಮುದ್ದೆ ಬೇಯಲ್ಲ ಸರ್."

"ಮುಚ್ಚಪ್ಪ ಅದನ್ನ," ಎಂದ ನಂಜೇಶ ಫೋನಿನಲ್ಲಿ.

"ಸಾ, ಒಂದ್ ಮಾತು..."

"ಮಾತು ಆಮೇಲೆ. ಮೊದ್ಲು ಮುಚ್ಚು."

ಗಾಬರಿಯಲ್ಲಿ ಫೋಟೋವನ್ನು ಎರಡರಷ್ಟು ದೊಡ್ಡದು ಮಾಡಿ ಮತ್ತೆ ಅಳೆದ. ಚಿತ್ರ ಹಿಗ್ಗಿದರೂ ನೆಲ ಹಿಗ್ಗುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಅವನು ಸಾಫ್ಟ್‌ವೇರಿಗೆ ಹೇಳಿಕೊಟ್ಟಿರಲಿಲ್ಲ.

"ಹುಣಸೆಮರದಿಂದ ಎಪ್ಪತ್ತೆರಡು. ರಸ್ತೆಯಿಂದ ಹನ್ನೆರಡು."

"ಸಾ, ಸೈಟೇ ನಲವತ್ತಡಿ..."

"ಕಂಪ್ಯೂಟರ್ ಸುಳ್ಳು ಹೇಳುತ್ತೇನಪ್ಪ? ಅಗಿ."

ಅರ್ಧ ಗಂಟೆಯ ಮೇಲೆ ಮಧುವಿನ ಫೋನಿನಲ್ಲಿ ಬೇರೆ ದನಿ ಬಂತು. ಪಕ್ಕದ ಸೈಟಿನ ಚಿಕ್ಕಬಸಮ್ಮ. "ಯಾವನ್ಲಾ ಅವ್ನು, ನನ್ ತಿಪ್ಪೆ ಬಗೆಸ್ದವ್ನು?"

"ಅಮ್ಮಾ, ಜೂಮ್ ಆಗ್ಬಿಟ್ಟಿತ್ತು..."

"ಯಾರ್ಲಾ ಅವ್ನು ಜೂಮು? ಅವನ್ನೂ ಕರ್ಕೊಂಡ್ ಬಾ."

ನಂಜೇಶ ಜೂಮು ಸರಿಪಡಿಸಿ, ಮೂವತ್ತಾರಡಿಗೆ, ರಸ್ತೆಯಿಂದ ಆರಡಿಗೆ ಅಗಿಯಲು ಹೇಳಿ ಸ್ಕೂಟರು ಹತ್ತಿದ. ಬದನವಾಳು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ರಸ್ತೆ ಪಕ್ಕ ಅಂದವಾದ ಚೌಕದ ಗುಂಡಿ, ಪರದೆಯಲ್ಲಿ ಬರೆದದ್ದಕ್ಕೆ ಒಂದಂಗುಲ ಅತ್ತಿತ್ತ ಇಲ್ಲ. ಅವನಿಗೆ ಕಣ್ಣು ತುಂಬಿ ಬಂತು. ಅತ್ತೆ ರುದ್ರಮ್ಮ ಅರಿಸಿನ ಕುಂಕುಮ, ಮಾವ ತೆಂಗಿನಕಾಯಿ ಹಿಡಿದು ಬಂದರು.

"ಬನ್ನಿ ಮಾವ, ದೇವಮೂಲೆ."

ಮಾವ ಗುಂಡಿ ನೋಡಿದರು, ಏರಿನ ಕಡೆ ನೋಡಿದರು, ಅಳಿಯನನ್ನು ನೋಡಿದರು. "ಅಳಿಯಂದ್ರೇ, ನಿಮ್ಮ ನಂಜನಗೂಡಲ್ಲಿ ಸೂರ್ಯ ಎಲ್ಲಿ ಉಟ್ತಾನೋ ಕಾಣೆ. ನಮ್ಮೂರಲ್ಲಿ ಆ ಏರಿನ ಕಡೆ. ರಸ್ತೆ ಇರೋದು ಪಡುವಲಿಗೆ. ಇದು ವಾಯುಮೂಲೆ."

ಡ್ರೋನಿನವನು ಪಡುವಲಿಗೆ ಮುಖ ಮಾಡಿ ಫೋಟೋ ತೆಗೆದಿದ್ದ. ಫೋಟೋದ ನೆತ್ತಿ ಉತ್ತರವಾಗಿರದೆ ಪಡುವಲಾಗಿ, ನಕ್ಷೆಯ ನೆತ್ತಿಯೇ ಕೈ ಕೊಟ್ಟಿತ್ತು.

"ಹಂಗಾದ್ರೆ ದೇವಮೂಲೆ?"

ಮಧು ತಲೆ ಕೆರೆದುಕೊಂಡು, ಏರಿನಲ್ಲಿ ಬೆಳಿಗ್ಗೆಯಷ್ಟೇ ಮುಚ್ಚಿದ ಹಸಿಮಣ್ಣು ತೋರಿಸಿದ. "ಮೊದ್ಲು ತೆಗೆದಿದ್ದೇ ಸಾ. ಅದನ್ನೇ ಬೆಳಗಿಂದ ಒಂದ್ ಮಾತು, ಒಂದ್ ಮಾತು ಅಂತಿದ್ದದ್ದು."

ಎರಡು ತಪ್ಪು ಸೇರಿ ತಾನಾಗಿ ಸರಿಹೋಗಿದ್ದನ್ನು ನಂಜೇಶ ಒಂದು ತಪ್ಪು ತಿದ್ದಿ ಕೆಡಿಸಿದ್ದ.

"ಓಗ್ಲಿ ಬುಡಿ," ಎಂದರು ರುದ್ರಮ್ಮ, ಪಾಪ. "ವಾಯುಮೂಲೆ ಗುಂಡಿ ಕಕ್ಕಸಿಗಾಯ್ತದೆ. ಅಳಿಯಂದ್ರ ಶ್ರಮ ವ್ಯರ್ಥ ಆಗ್ಲಿಲ್ಲ."

ತಿಪ್ಪೆ ಮೊದಲಿನಂತಾಗುವ ತನಕ ಜೆಸಿಬಿ ಬಿಡುವುದಿಲ್ಲವೆಂದು ಚಿಕ್ಕಬಸಮ್ಮ ಅದರ ಮುಂದೆ ಕುಳಿತುಬಿಟ್ಟಿದ್ದಳು. ಮಾವ ಒಂದು ಗುದ್ದಲಿ ತಂದು ಅಳಿಯನ ಕೈಗಿತ್ತರು. ಬಿಸಿಲೆಂದು ತಮ್ಮ ಟವೆಲನ್ನು ಅವನ ತಲೆಗೆ ತಾವೇ ಸುತ್ತಿದರು. ಆಮೇಲೆ ದೊಡ್ಡಳಿಯನಿಗೆ ಫೋನು ಹಚ್ಚಿದರು.

ನಂಜೇಶ ಏರಿನ ಹಸಿಮಣ್ಣಿನ ಮೇಲೆ ನಿಂತು ಕೇಳಿದ. "ಎಷ್ಟು ಆಳ ತೆಗೀಲಿ ಮಾವ?"

"ಮೇಲಿಂದ ಆರಡಿ."

ಎತ್ತಿದ ಗುದ್ದಲಿಯನ್ನು ನಂಜೇಶ ಮೆಲ್ಲಗೆ ಕೆಳಗಿಳಿಸಿದ.

"ಯಾವ ಮೇಲಿಂದ ಮಾವ?"